ಐದನೆಯ ಎಸಳು

ಮೊನ್ನೆ ಮಳೆಯಲ್ಲಿ ನೆನೆದು ಬಂದ ಮೊಮ್ಮಗಳು ತನ್ನ ನೋಟ್‌ಬುಕ್ಕಿನ ಹಾಳೆಗಳ ನಡುವೆ ಹಳೆಯ ಪೇಪರು ಇಟ್ಟು ಇಸ್ತ್ರಿ ಒತ್ತುತ್ತಿದ್ದಳು. ಒದ್ದೆ ಪೇಪರಿಗೆ ಬಿಸಿ ತಾಗಿದಾಗ ಏಳುವ ವಾಸನೆ ಮೂಗಿಗೆ ಬಡಿದದ್ದೇ ತಡ, ಒಳಕ್ಕೆ ಹೋಗುತ್ತಿದ್ದವನು ಅಲ್ಲೇ ನಿಂತುಬಿಟ್ಟೆ. "ಯಾಕಜ್ಜ, ಹಂಗ್ಯಾಕೆ ನಿಂತ್ರಿ?" ಅಂದಳು. ಏನಿಲ್ಲ ಅಂದೆ. ಸುಳ್ಳು. ನಾನು ಎಪ್ಪತ್ತೊಂಬತ್ತನೆಯ ಇಸವಿಯ ಮಳೆಗಾಲಕ್ಕೆ, ಚನ್ನಗಿರಿಯ ಬಾಡಿಗೆ ಮನೆಯ ನಡುಮನೆಗೆ ಹೋಗಿ ನಿಂತಿದ್ದೆ.

ಆಗ ನನಗೆ ಮೂವತ್ತು ದಾಟಿತ್ತು. ಚನ್ನಗಿರಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಹುಟ್ಟೂರು ಹೊನ್ನಾಳಿ. ಅಲ್ಲಿ ನಮ್ಮಪ್ಪ ದೇವರ ಪಟ ಬರೆಯುವ, ಅಮ್ಮನವರ ಮೂರ್ತಿಗಳಿಗೆ ಬಣ್ಣ ಹಾಕುವ ಚಿತ್ರಗಾರ. ಭಿನ್ನವಾದ ಮೂರ್ತಿಗೆ ಪೂಜೆಯಿಲ್ಲ ಎಂಬುದು ಅವನು ನನಗೆ ಕಲಿಸಿದ ಮೊದಲ ಪಾಠ. ಒಂದು ಕಣ್ಣು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಮೇಲಾದರೂ ಇಡೀ ಮುಖವನ್ನೇ ಅಳಿಸಿ ಮತ್ತೆ ಬರೆಯುತ್ತಿದ್ದ. ಆ ಚಟ ನನಗೂ ಅಂಟಿತ್ತು. ಮಕ್ಕಳು ದಾಸವಾಳದ ಎಸಳುಗಳನ್ನು ಒಂದು ದೊಡ್ಡದು ಒಂದು ಚಿಕ್ಕದು ಮಾಡಿ ತಂದರೆ ನಾನು ಕೈವಾರ ತೆಗೆದು ವೃತ್ತ ಹಾಕಿ, ಎಪ್ಪತ್ತೆರಡು ಡಿಗ್ರಿಗೊಂದರಂತೆ ಐದು ಗೆರೆ ಎಳೆದು, "ನೋಡ್ರೋ, ದೇವರು ಹಿಂಗೆ ಮಾಡಿರ್ತಾನೆ" ಎಂದು ತೋರಿಸುತ್ತಿದ್ದೆ. ದೇವರ ಪರವಾಗಿ ಮಾತಾಡುವ ಅಧಿಕಾರವನ್ನು ನನಗೆ ಯಾರು ಕೊಟ್ಟಿದ್ದರೋ ಗೊತ್ತಿಲ್ಲ.

ಸುನಂದಾ ಮೇಡಂ ಚನ್ನಗಿರಿಯ ಜೂನಿಯರ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುತ್ತಿದ್ದರು. ಸವಳಂಗದ ಕಡೆಯ ಕೂಲಿಕಾರರ ಮನೆಯ ಮಗಳು, ಒಂಟಿಯಾಗಿದ್ದರು. ಅವರ ಬಾಡಿಗೆ ಕೋಣೆಯ ಗೋಡೆಯ ಮೇಲೆ ಬುದ್ಧನ ಪಟ ಒಂದೇ. ಉಳಿದ ಜಾಗವೆಲ್ಲ ಪೇಪರಿನ ನಡುವೆ ಒತ್ತಿಟ್ಟ ಗಿಡಗಳದ್ದು. ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಆ ಪೇಪರುಗಳನ್ನು ದಿನಾ ಬದಲಿಸಿ, ಒದ್ದೆಯಾದವನ್ನು ಕೆಂಡದ ಇಸ್ತ್ರಿಪೆಟ್ಟಿಗೆಯಲ್ಲಿ ಒಣಗಿಸುತ್ತಿದ್ದರು. ಊರಿನಲ್ಲಿ ಅವರಿಗೆ 'ಸೊಪ್ಪಿನ ಮೇಡಂ' ಎಂದು ಹೆಸರು. ನಾನೂ ಹಾಗೆ ಕರೆದು ನಕ್ಕವನೇ.

ಉಬ್ರಾಣಿಯ ಹಿಂದಿನ ಗುಡ್ಡದ ನೆತ್ತಿಯಲ್ಲಿ ಅವರು ಒಂದು ಬಳ್ಳಿ ಕಂಡಿದ್ದರು. ತೋರಿಸಿದವಳು ಹಾಲಮ್ಮ, ಆ ಗುಡ್ಡದ ಬುಡದ ಹಟ್ಟಿಯ ಹೆಂಗಸು. ಬಾಯಾರಿದಾಗ ಅವರ ಮಂದಿ ಅದರ ಗಡ್ಡೆ ಅಗೆದು ಅಗಿಯುತ್ತಿದ್ದರು, ನೀರುಗಡ್ಡೆ ಅನ್ನುತ್ತಿದ್ದರು. ಬಾಣದ ಹುಲ್ಲಿಗೆ ಸುತ್ತಿಕೊಂಡು ಏರುವ ದಾರದಂಥ ಬಳ್ಳಿ, ಕಿರುಬೆರಳಿನಷ್ಟು ಉದ್ದದ ಹೂವು. ಇದರ ಹತ್ತಿರದ ನೆಂಟ ಗಿಡವೊಂದು ಪುಸ್ತಕಗಳಲ್ಲಿ ಮೊದಲೇ ಇತ್ತಂತೆ. ಆದರೆ ಇದರ ಗಡ್ಡೆ ಬೇರೆ, ಎಲೆಯ ರೋಮ ಬೇರೆ, ಕಾಯಿ ಬೇರೆ, ಇದು ಯಾರೂ ಹೆಸರಿಡದ ಹೊಸ ಜಾತಿ ಎಂಬುದು ಮೇಡಮ್ಮಿನ ನಂಬಿಕೆ. ಹೊಸ ಜಾತಿಯೆಂದು ಒಪ್ಪಿಸಬೇಕಾದರೆ ಲ್ಯಾಟಿನ್ ಭಾಷೆಯಲ್ಲಿ ವರ್ಣನೆ ಬರೆಯಬೇಕು, ಒಣಗಿಸಿದ ಗಿಡ ಕೊಡಬೇಕು, ಅರಳಿದ ಹೂವಿನ ಚಿತ್ರವೂ ಇದ್ದರೆ ಕೇಸು ಗಟ್ಟಿ. ಲ್ಯಾಟಿನ್ನನ್ನು ಅವರು ಎರಡು ವರ್ಷ ಪುಸ್ತಕ ಇಟ್ಟುಕೊಂಡು ತಾವೇ ಕಲಿತಿದ್ದರು. ಚಿತ್ರಕ್ಕೆ ನನ್ನ ಹತ್ತಿರ ಬಂದರು.

ಕಷ್ಟವೆಂದರೆ, ಅವರು ಆ ಹೂವು ಅರಳಿದ್ದನ್ನು ಒಮ್ಮೆಯೂ ನೋಡಿರಲಿಲ್ಲ. ಅದು ಅರಳುವುದು ಬೆಳಗಿನ ಜಾವ, ಬಾಡುವುದು ಬಿಸಿಲೇರುವಷ್ಟರಲ್ಲಿ. ಚನ್ನಗಿರಿಯಿಂದ ಮೊದಲ ಬಸ್ಸು ಹಿಡಿದು ಗುಡ್ಡ ಹತ್ತುವಾಗ ಮೊಗ್ಗು ಇಲ್ಲವೇ ಮುದುರಿದ ಹೂವು, ಎರಡೇ. ಆ ವರ್ಷ ಭಾದ್ರಪದದ ಹುಬ್ಬೆ ಮಳೆಯಲ್ಲಿ ಒಂದು ಬಳ್ಳಿಯನ್ನು ಮಣ್ಣುಹೆಂಟೆಯ ಸಮೇತ ಕಿತ್ತು ಪಾತ್ರೆಯಲ್ಲಿಟ್ಟುಕೊಂಡು ತಂದರು. ಅದರಲ್ಲಿ ಒಂದೇ ಒಂದು ದಪ್ಪ ಮೊಗ್ಗಿತ್ತು. ಅಷ್ಟರಲ್ಲಿ ಅವರಿಗೆ ಜಗಳೂರಿಗೆ ಪೂರಕ ಪರೀಕ್ಷೆಯ ಡ್ಯೂಟಿ ಬಿತ್ತು.

"ಮೇಷ್ಟ್ರೇ, ನಾಳೆ ಇಲ್ಲ ನಾಡಿದ್ದು ಅರಳ್ತೈತೆ," ಎಂದು ಪಾತ್ರೆಯನ್ನು ನಮ್ಮ ನಡುಮನೆಯಲ್ಲಿಟ್ಟು ಹೇಳಿದರು. "ಕಂಡಿದ್ದು ಕಂಡಂಗೆ ಬರೀರಿ. ಬರೆದ ಕೂಡ್ಲೆ ಹೂವು ಈ ಸ್ಪಿರಿಟ್ ಬಾಟ್ಲಿಯಾಗೆ ಹಾಕ್ರಿ. ಬಾಡಾಕೆ ಬಿಡಬ್ಯಾಡ್ರಿ."

ಮಾರನೆಯ ದಿನವೇ ಅರಳಿತು. ನಾನು ಎದ್ದಾಗ ಇನ್ನೂ ಮಬ್ಬು. ಬಾಗಿಲ ಬೆಳಕಿಗೆ ಪಾತ್ರೆ ತಂದಿಟ್ಟು ಭೂತಗನ್ನಡಿಯಲ್ಲಿ ನೋಡಿದೆ. ಹಸಿರು ಮಿಶ್ರಿತ ಹಳದಿ ಕೊಳವೆ, ಬುಡದಲ್ಲಿ ಸಣ್ಣ ಗುಂಡುಬುರುಡೆ, ಮೇಲೆ ಕಂದು ಬಣ್ಣದ ಎಸಳುಗಳು. ನಾಲ್ಕು ಎಸಳು ಬಾಗಿ ತುದಿಯಲ್ಲಿ ಒಂದಕ್ಕೊಂದು ಅಂಟಿ ಪುಟ್ಟ ಪಂಜರದಂತೆ ನಿಂತಿದ್ದವು. ಐದನೆಯದು ಮಾತ್ರ ಅರ್ಧದಷ್ಟೇ ಇತ್ತು, ಉಳಿದವುಗಳ ಜೊತೆ ಕೂಡದೆ ಹೊರಕ್ಕೆ ಬಾಗಿತ್ತು.

ಬಸ್ಸಿನ ಕುಲುಕಾಟಕ್ಕೆ ಪೆಟ್ಟಾಗಿದೆ, ಇಲ್ಲವೇ ಹುಳ ತಿಂದಿದೆ, ಪಾಪ ಆ ಹೆಣ್ಣುಮಗಳ ಎರಡು ವರ್ಷದ ಶ್ರಮಕ್ಕೆ ಸಿಕ್ಕಿದ್ದು ಊನವಾದ ಹೂವು ಎಂದುಕೊಂಡೆ. ಇದನ್ನು ಹೀಗೆಯೇ ಬರೆದು ಕೊಟ್ಟರೆ ದೊಡ್ಡ ದೊಡ್ಡ ಪಂಡಿತರು ನಗುತ್ತಾರೆ ಅನ್ನಿಸಿತು. ಕೈ ತಾನಾಗಿಯೇ ಕೈವಾರಕ್ಕೆ ಹೋಯಿತು. ವೃತ್ತ, ಎಪ್ಪತ್ತೆರಡು ಡಿಗ್ರಿ, ಐದು ಗೆರೆ. ನಾಲ್ಕು ಎಸಳಿನ ಅಳತೆ ಹಿಡಿದು ಐದನೆಯದನ್ನು ಸರಿಮಾಡಿದೆ, ತುದಿಯನ್ನು ಉಳಿದ ನಾಲ್ಕರ ಜೊತೆ ಕೂಡಿಸಿದೆ. ಸಣ್ಣ ನಿಬ್ಬಿನಲ್ಲಿ ಮಸಿ ಹಾಕಿ, ರೋಮ ರೋಮ ಬಿಡಿಸಿ, ಬೆನ್ನು ನೆಟ್ಟಗೆ ಮಾಡಿದಾಗ ಮಧ್ಯಾಹ್ನ. ಆಗ ನೆನಪಾಯಿತು ಸ್ಪಿರಿಟ್ ಬಾಟಲಿ. ಹೂವು ತೊಟ್ಟು ಕಳಚಿ, ಒದ್ದೆ ಕಾಗದದಂತೆ ಪಾತ್ರೆಯ ಅಂಚಿಗೆ ಅಂಟಿತ್ತು. ಕೆರೆದು ಬಾಟಲಿಗೆ ಹಾಕಿದೆ. ಅದರಲ್ಲಿ ಎಸಳು ಯಾವುದು ಕೊಳವೆ ಯಾವುದು ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ.

ಜಗಳೂರಿನಿಂದ ಬಂದ ಮೇಡಂ ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದು ರೋಮ ರೋಮವನ್ನೂ ನೋಡಿದರು. ಆಮೇಲೆ, "ನಿಮ್ಮ ಕೈಗೆ ಬಂಗಾರದ ಕಡಗ ತೊಡಿಸಬೇಕ್ರೀ" ಅಂದರು. ಬಾಟಲಿಯಲ್ಲಿದ್ದದ್ದನ್ನು ನೋಡಿ ಮುಖ ಸಣ್ಣದಾಯಿತು. "ಹೋಗ್ಲಿ ಬಿಡ್ರಿ, ಚಿತ್ರ ಐತಲ್ಲ" ಎಂದು ಸಮಾಧಾನ ಹೇಳಿದ್ದು ಅವರು, ನಾನಲ್ಲ. ಹೊಗಳಿಕೆ ತಲೆಗೇರಿ ನಾನು ಬೀಗುತ್ತಿದ್ದೆ. ಹೂವು ಹೇಗಿತ್ತು ಎಂದು ಅವರು ಕೇಳಲಿಲ್ಲ, ನಾನಾಗಿ ಹೇಳಲೂ ಇಲ್ಲ. ಚಿತ್ರ, ಒಣಗಿಸಿದ ಬಳ್ಳಿ, ಹೂವಿನ ಭಾಗವನ್ನು ಆ ಚಿತ್ರ ನೋಡಿಯೇ ಬರೆದ ಲ್ಯಾಟಿನ್ ವರ್ಣನೆ, ಮೂರೂ ರಿಜಿಸ್ಟರ್ ಟಪಾಲಿನಲ್ಲಿ ದೂರದ ಊರಿನ ದೊಡ್ಡ ಸಸ್ಯಸಂಗ್ರಹಾಲಯಕ್ಕೆ ಹೋದವು.

ಉತ್ತರ ಬಂದದ್ದು ಮಾನೋಮಿಗೆ, ಅಂದರೆ ಮಹಾನವಮಿಗೆ, ಇನ್ನು ಐದು ದಿನವಿದ್ದಾಗ. ಸಂಜೆ ಮೇಡಂ ನಮ್ಮ ಮನೆಗೇ ಬಂದು ಕಾಗದ ಓದಿ ಹೇಳಿದರು. ಅಲ್ಲಿನ ಹಿರಿಯ ತಜ್ಞರು ಬರೆದಿದ್ದರು: ಗಡ್ಡೆ, ರೋಮ, ಕಾಯಿಗಳ ವ್ಯತ್ಯಾಸ ಮಣ್ಣಿನಿಂದಲೂ ಬರಬಹುದು. ಹೂವೇ ಮುಖ್ಯ. ನೀವು ಕಳಿಸಿದ ಚಿತ್ರದಲ್ಲೂ ವರ್ಣನೆಯಲ್ಲೂ ಐದು ಎಸಳು ಸಮನಾಗಿ ತುದಿಯಲ್ಲಿ ಕೂಡಿವೆ, ಇದು ಹಳೆಯ ಜಾತಿಯೇ. ಹೂವಿನಲ್ಲಿ ಬೇರೆ ಪುರಾವೆ ಇದ್ದರೆ ತಿಂಗಳೊಳಗೆ ಕಳಿಸಿ. ಇಲ್ಲವಾದರೆ ನಿಮ್ಮ ಗಿಡವನ್ನು ಹಳೆಯ ಹೆಸರಿನ ಕೆಳಗೆ ಸೇರಿಸಿ ಕಡತ ಮುಚ್ಚುತ್ತೇವೆ.

"ನನ್ನ ಕಣ್ಣೇ ನನಗೆ ಮೋಸ ಮಾಡಿತೇನೋ," ಅಂದರು ಮೇಡಂ. "ಸ್ಟಾಫ್ ರೂಮಿನಾಗೆ ಎಲ್ಲಾ ಹೇಳ್ತಿದ್ರು, ಚನ್ನಗಿರಿ ಗುಡ್ಡದಾಗೆ ಹೊಸದೇನು ಸಿಗ್ತೈತೆ ಅಂತ. ಅವರು ಹೇಳಿದ್ದೇ ಖರೆ ಆತು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ನನ್ನ ಬೆರಳು ನೋಡಿಕೊಂಡೆ. ಆ ಕ್ಷಣವೇ ನನಗೆ ಎಲ್ಲ ಗೊತ್ತಾಗಿತ್ತು. ಆ ಎಸಳು ಮುರಿದಿರಲಿಲ್ಲ. ಹುಳ ತಿಂದ ಅಂಚು ಹರಿದಿರುತ್ತದೆ, ಅದರ ಅಂಚು ನುಣುಪಾಗಿತ್ತು, ಅಂಚಿನುದ್ದಕ್ಕೂ ರೋಮವಿತ್ತು. ನಾನೇ ನೋಡಿದ್ದೆ. ನೋಡಿಯೂ ತಿದ್ದಿದ್ದೆ. ಅದನ್ನು ಕಂಡ ಮನುಷ್ಯ ಈ ಭೂಮಿಯ ಮೇಲೆ ನಾನೊಬ್ಬನೇ.

ಬಾಯಿ ಬಿಡಲಿಲ್ಲ. ನಾಲ್ಕು ದಿನ ಬಾಯಿ ಬಿಡಲಿಲ್ಲ. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ. ಆ ಚಿತ್ರದ ನಕಲನ್ನು ನಾನು ಶಾಲೆಯಲ್ಲೆಲ್ಲ ತೋರಿಸಿ ಮೆರೆದಿದ್ದೆ. ನನ್ನ ಚಿತ್ರ ತಪ್ಪು ಅಂದರೆ ನನ್ನಲ್ಲಿ ಮತ್ತೇನು ಉಳಿಯಿತು? ಊಟ ಸೇರಲಿಲ್ಲ. ಎರಡನೆಯ ದಿನ ಹೆಂಡತಿಗೆ ಹೇಳಿದೆ. ಅವಳು ಸಾರಿನ ಸೌಟು ಹಿಡಿದೇ, "ಅವರ ಮುಂದೆ ಹೇಳಬೇಕಾದ್ದು ನನ್ನ ಮುಂದೆ ಹೇಳಿದ್ರೆ ಏನು ಬಂತು?" ಅಂದಳು. ಅದಕ್ಕೂ ಎರಡು ದಿನ ದೂಡಿದೆ.

ಮಾನೋಮಿಯ ಹಿಂದಿನ ದಿನ ಮೇಡಮ್ಮಿನ ಕೋಣೆಗೆ ಹೋದಾಗ ಅವರು ಸಂಗ್ರಹಾಲಯಕ್ಕೆ ಕಾಗದ ಬರೆದು ಮುಗಿಸಿದ್ದರು. ನನ್ನ ಲೇಖನ ಹಿಂದಕ್ಕೆ ಪಡೆಯುತ್ತಿದ್ದೇನೆ, ತೊಂದರೆಗೆ ಕ್ಷಮಿಸಿ, ಎಂದು. ಕವರಿನ ಅಂಟಿಗೆ ನೀರು ಹಚ್ಚುತ್ತಿದ್ದರು.

"ಅಂಟಿಸಬೇಡಿ," ಅಂದೆ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಐದನೆಯ ಎಸಳು, ಕೈವಾರ, ಬಾಡಿದ ಹೂವು, ನಾಲ್ಕು ದಿನ.

ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ನನ್ನ ಮುಖವನ್ನೇ ನೋಡುತ್ತ ಕೇಳಿದ್ದು ಇಷ್ಟೇ: "ಹೊರಕ್ಕೆ ಬಾಗಿತ್ತೋ, ಒಳಕ್ಕೋ?"

"ಹೊರಕ್ಕೆ."

"ಅಂಚಿಗೆ ರೋಮ ಇತ್ತಾ?"

"ಇತ್ತು."

ಕವರು ಕೈಯಿಂದ ಬಿತ್ತು. ಆಮೇಲೆ ಬಂತು ಸಿಟ್ಟು. "ನಾಲ್ಕು ದಿನ ಮೇಷ್ಟ್ರೇ! ನಾಲ್ಕು ದಿನ! ನಾಳೆ ಗುಡ್ಡದ ಹುಲ್ಲು ಬಿಡ್ತಾರೆ, ಗೊತ್ತೇನ್ರಿ ನಿಮಗೆ?"

ನನಗೆ ಗೊತ್ತಿರಲಿಲ್ಲ. ಆ ಗುಡ್ಡಕ್ಕೆ ಮುಂಗಾರಿನಿಂದ ಮಾನೋಮಿಯವರೆಗೆ ದನ ಬಿಡುವಂತಿಲ್ಲ, ಕುಡುಗೋಲು ಹಾಕುವಂತಿಲ್ಲ. ಹಟ್ಟಿಯವರ ಕಟ್ಟು ಅದು. ಮಾನೋಮಿಯ ದಿನ ಗುಡ್ಡವನ್ನು ಮನೆಗೊಂದು ಪಟ್ಟೆಯಂತೆ ಹಂಚುತ್ತಾರೆ. ಹೊತ್ತು ಮುಳುಗುವುದರೊಳಗೆ ಅವರವರ ಪಟ್ಟೆಯ ಹುಲ್ಲು ಅವರು ಕೊಯ್ಯಬೇಕು. ಮಾರನೆಯ ಬೆಳಿಗ್ಗೆ ಊರ ದನವೆಲ್ಲ ಗುಡ್ಡಕ್ಕೆ. ಹುಲ್ಲಿಗೆ ಸುತ್ತಿಕೊಂಡ ಬಳ್ಳಿಗೆ ಅಲ್ಲಿಗೆ ಆ ವರ್ಷದ ಆಯಸ್ಸು ಮುಗಿಯಿತು.

ಮೊದಲ ಬಸ್ಸಿಗೆ ಹೋದರೂ ನಾವು ನೆತ್ತಿ ತಲುಪುವಾಗ ಹೊತ್ತು ಮೊಳವೇರಿತ್ತು. ಕೆಳಗಿನಿಂದಲೇ ಕುಡುಗೋಲುಗಳ ಸರ್ರ ಸರ್ರ ಸದ್ದು ಕೇಳುತ್ತಿತ್ತು. ಇಡೀ ಹಟ್ಟಿಯ ಹೆಂಗಸರು ಗಂಡಸರು ಸಾಲಾಗಿ ಬಾಗಿ ಮೇಲಕ್ಕೆ ಬರುತ್ತಿದ್ದರು. ಅವರ ಹಿಂದೆ ಬೋಳು ನೆಲ, ಮುಂದೆ ಎದೆಯೆತ್ತರದ ಹುಲ್ಲು. ಮೇಡಂ ಆ ಹುಲ್ಲಿನೊಳಗೆ ನುಗ್ಗಿದರು. ಹಿಂದಿನ ವರ್ಷ ಅವರು ಗುರುತು ಮಾಡಿದ್ದ ಬಳ್ಳಿಗಳು ಏಳು. ಎರಡು ಆಗಲೇ ಹೊರೆಯೊಳಗೆ ಸೇರಿದ್ದವು. ಮೂರರಲ್ಲಿ ಬರೀ ಕಾಯಿ. ಒಂದು ಕಾಣಲೇ ಇಲ್ಲ. ನಾನು ಮಂಡಿಯೂರಿ ತೆವಳುತ್ತ, ಹುಲ್ಲಿನ ಅಲಗಿಗೆ ಕೈ ಕೊಯ್ಸಿಕೊಳ್ಳುತ್ತ, ದೇವರೇ ಒಂದು ಮೊಗ್ಗು, ಒಂದೇ ಒಂದು ಮೊಗ್ಗು ಎಂದು ಬೇಡಿಕೊಂಡೆ. ಕೊನೆಯ ಬಳ್ಳಿ ಒಂದು ಬಂಡೆಯ ಸಂದಿನಲ್ಲಿತ್ತು. ಅದರ ತುದಿಯಲ್ಲಿ ಒಂದು ಮೊಗ್ಗು, ತುಂಬಿದ ಮೊಗ್ಗು. ಕುಡುಗೋಲಿನ ಸಾಲು ಅಲ್ಲಿಗೆ ಇಪ್ಪತ್ತು ಮಾರು ದೂರವಿತ್ತು.

ಅದು ಹಾಲಮ್ಮನ ಪಟ್ಟೆ. ಅವಳು ಸೊಂಟ ನೆಟ್ಟಗೆ ಮಾಡಿ ನಮ್ಮನ್ನು ನೋಡಿ ನಕ್ಕಳು. "ಮತ್ತೆ ನೀರುಗಡ್ಡೆ ಹುಡುಕಾಕೆ ಬಂದ್ರಾ ಮೇಡಮ್ಮಾರೆ?"

"ಹಾಲಮ್ಮಾ, ಇದೊಂದು ಮೊಗ್ಗು ನಾಳೆ ಬೆಳಿಗ್ಗಿ ತಂಕ ಉಳೀಬೇಕು. ಬಂಡೆ ಸಂದಿನಾಗಿಂದ ಕಿತ್ರೆ ಗಡ್ಡೆ ಹರಿದು ಬಾಡೀತು ಅಂತ ಭಯ. ಇಲ್ಲೇ ಅರಳಬೇಕು."

ಅಷ್ಟರಲ್ಲಿ ಪಟ್ಟೆ ಹಂಚುವ ಯಜಮಾನ ಬಂದ. ದೊಣ್ಣೆಯೂರಿಕೊಂಡ ಗಟ್ಟಿ ಮುದುಕ. ವಿಷಯ ಕೇಳಿ ತಲೆಯಾಡಿಸಿದ. "ಆಗಾಕಿಲ್ರೀ. ಒಬ್ಬರಿಗೆ ಬಿಟ್ರೆ ಹತ್ತು ಮಂದಿ ಕೇಳ್ತಾರೆ. ಪಟ್ಟೆಯಾಗೆ ನಿಂತ ಹುಲ್ಲು ಕಂಡ್ರೆ ಆ ಮನೆಗೆ ಮುಂದಿನ ವರ್ಷ ಪಟ್ಟೆ ಇಲ್ಲ. ಇದು ನಮ್ಮ ಹಿರೇರ ಕಟ್ಟು."

ಮೇಡಂ ಕೈ ಮುಗಿದರು. ಅವನು ಕರಗಲಿಲ್ಲ. ಹಾಲಮ್ಮನಿಗೆ ಎರಡು ಎಮ್ಮೆಗಳ ಮೇಲೇ ಸಂಸಾರ ನಡೆಯುತ್ತಿತ್ತು. ಪಟ್ಟೆ ಹೋದರೆ ಅವಳ ಗತಿ ಏನು? ಬೇಡ ಮೇಡಂ, ಹೋಗೋಣ ಎಂದು ನಾನು ಹೇಳುವವನಿದ್ದೆ. ಹಾಲಮ್ಮ ಬಗ್ಗಿ ಕೊಯ್ಯುತ್ತ ಬಂದಳು. ಬಳ್ಳಿಯ ಸುತ್ತ ಒಂದು ಮೊಳ ಬಿಟ್ಟು ಬಂಡೆಯ ತನಕ ಕೊಯ್ದು ಮುಗಿಸಿದಳು. ಆಮೇಲೆ ಕೊಯ್ದ ಹುಲ್ಲನ್ನು ಹೊರೆ ಕಟ್ಟಿ, ಆ ಹೊರೆಗಳನ್ನು ಒಂದಕ್ಕೊಂದು ಆನಿಸಿ ಬಳ್ಳಿಯ ಸುತ್ತ ನಿಲ್ಲಿಸಿದಳು. ಒಳಗೆ ಬಳ್ಳಿ, ಹೊರಗೆ ಹೊರೆ.

"ಯಜಮಾನ್ರೆ, ನಿಂತ ಹುಲ್ಲು ಎಲ್ಲಾದ್ರೂ ಕಾಣ್ತೈತಾ? ಹೊರೆ ಭಾರ ಐತೆ, ನಾಳೆ ಹೊರ್ತೀನಿ."

ಮುದುಕ ಹೊರೆಗಳನ್ನು ನೋಡಿದ, ಅವಳನ್ನು ನೋಡಿದ. "ನಾಳೆ ಹೊತ್ತೇರೋದ್ರಾಗೆ ಹೊರೆ ಎತ್ತಿರಬೇಕು" ಎಂದಷ್ಟೇ ಹೇಳಿ ಮುಂದಿನ ಪಟ್ಟೆಗೆ ಹೋದ.

ಮಾರನೆಯ ಬೆಳಿಗ್ಗೆ, ರಾತ್ರಿ ಉಳಿದಿದ್ದ ಹಾಲಮ್ಮನ ಮನೆಯಿಂದ ಮೂವರೂ ಹೊರಟು ಗುಡ್ಡ ಹತ್ತಿದಾಗ ಮೂಡಣ ಆಗಷ್ಟೇ ಬೆಳ್ಳಗಾಗಿತ್ತು. ಒಂದು ಹೊರೆ ಸರಿಸಿದೆವು. ಮೊಗ್ಗು ಹಾಗೇ ಇತ್ತು. ಮೇಡಂ ಕಲ್ಲಿನ ಮೇಲೆ ಕೂತರು, ಎದ್ದರು, ಮತ್ತೆ ಕೂತರು. ಒಂದು ವೇಳೆ ಐದೂ ಎಸಳು ಸಮನಾಗಿದ್ದರೆ? ನನ್ನ ನಡುಮನೆಯ ಹೂವೇ ನಿಜವಾಗಿ ಊನವಾಗಿದ್ದರೆ? ಈ ಸಂಶಯ ನನ್ನನ್ನು ಆಗ ಹಿಡಿಯಿತು, ಬಿಡಲಿಲ್ಲ. ಕೆಳಗೆ ಹಟ್ಟಿಯಲ್ಲಿ ದನ ಬಿಡುತ್ತಿರುವ ಗದ್ದಲ ಕೇಳಿಸಿತು. ಕೊರಳಗಂಟೆಗಳು ಮೇಲಕ್ಕೆ ಬರತೊಡಗಿದವು.

"ಬಿಡ್ತು," ಎಂದು ಮೇಡಂ ಪಿಸುಗುಟ್ಟಿದರು.

ಮೊಗ್ಗಿನ ನೆತ್ತಿಯಲ್ಲಿ ಸೀಳು ಬಿಟ್ಟು, ಒಂದು ಎಸಳು, ಒಂದೇ ಒಂದು, ಮೆಲ್ಲಗೆ ಹೊರಕ್ಕೆ ಬಾಗಿತು. ಗಿಡ್ಡನೆಯದು. ಉಳಿದ ನಾಲ್ಕು ತುದಿ ಬಿಡದೆ ಹಾಗೇ ನಿಂತವು. ಎಲ್ಲಿಂದಲೋ ಸಾಸಿವೆಯಷ್ಟು ಸಣ್ಣ ನೊಣವೊಂದು ಬಂದು, ಬಾಗಿದ ಎಸಳಿನ ಮೇಲೆ ಕೂತು, ಆ ಸಂದಿನಿಂದ ಒಳಗೆ ಹೋಯಿತು.

ಮೇಡಂ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಅವರ ಕಣ್ಣಲ್ಲಿ ನೀರು ಬಂತು, ನನ್ನ ಕಣ್ಣಲ್ಲೂ. "ಬರೀರಿ," ಅಂದರು.

ಬರೆದೆ. ಕೈವಾರವನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಆದರೂ ಬೆರಳು ಎರಡು ಸಲ ಆ ಎಸಳನ್ನು ಉದ್ದ ಮಾಡಲು ಹವಣಿಸಿತು, ಎರಡು ಸಲವೂ ಅಳಿಸಿದೆ. ದನಗಳು ನೆತ್ತಿಗೆ ಬಂದೇಬಿಟ್ಟವು. ಹಾಲಮ್ಮ ಕೋಲು ಹಿಡಿದು ನಮ್ಮ ಸುತ್ತ ತಿರುಗುತ್ತ, "ಹೈ, ಹೈ, ಆಚೆ ನಡೀರಿ" ಎಂದು ಅವುಗಳನ್ನು ತಡೆಯುತ್ತಿದ್ದಳು. ಪೆನ್ಸಿಲ್ಲಿನ ಕೆಲಸ ಮುಗಿದಾಗ ಹೂವು ಇನ್ನೂ ಗಟ್ಟಿಯಾಗಿತ್ತು. ಮೇಡಂ ಅದನ್ನು ತಮ್ಮ ಕೈಯಾರೆ ಬಿಡಿಸಿ ಸ್ಪಿರಿಟ್ಟಿಗೆ ಹಾಕಿದರು. ಗಡ್ಡೆ ಕೀಳಲಿಲ್ಲ. ಹಾಲಮ್ಮ ಅದರ ಮೇಲೆ ಒಂದು ಮುಳ್ಳಿನ ಹೆರೆ ಎಳೆದು ಹಾಕಿ, ಹೊರೆಗಳನ್ನು ಒಂದೊಂದಾಗಿ ಸಾಗಿಸಲು ಶುರುಮಾಡಿದಳು.

ಆ ಹೂವು ಹೊಸ ಜಾತಿಯೆಂದು ಒಪ್ಪಿತವಾಗಿ ಮುಂದಿನ ವರ್ಷ ಅಚ್ಚಾಯಿತು. ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ನನ್ನ ಹೆಸರೂ ಇತ್ತು. ಅಚ್ಚಾದ ಪ್ರತಿ ಬಂದಾಗ ಮೇಡಮ್ಮಿಗೆ ಜಗಳೂರಿಗೆ ವರ್ಗವಾಗಿತ್ತು. ಊರಿನವರು ಆಮೇಲೂ ಅವರನ್ನು ಸೊಪ್ಪಿನ ಮೇಡಂ ಅಂತಲೇ ಕರೆದರು. ನಾನೊಬ್ಬ ಕರೆಯಲಿಲ್ಲ.

ಆದರೆ ಆ ವರ್ಷ ಅಂದರೆ ನನಗೆ ನೆನಪಾಗುವುದು ಅಚ್ಚಾದ ಪ್ರತಿಯಲ್ಲ. ಗುಡ್ಡದಿಂದ ಬಂದ ಮೂರನೆಯ ದಿನ, ಎರಡನೆಯ ಚಿತ್ರವನ್ನೂ ಹೂವಿನ ಬಾಟಲಿಯನ್ನೂ ಕಳಿಸಲು ನಾವಿಬ್ಬರೂ ಅಂಚೆ ಕಚೇರಿಗೆ ಹೋಗಿದ್ದೆವು. ಎರಡು ಚಿತ್ರ ಯಾಕೆ ಬೇರೆ ಬೇರೆ ಎಂದು ವಿವರಿಸುವ ಕಾಗದವನ್ನು ಮೇಡಂ ಅಲ್ಲಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದರು. ನಾನು ತಲೆ ತಗ್ಗಿಸಿ, "ಡ್ರಾಯಿಂಗ್ ಮೇಷ್ಟ್ರ ತಪ್ಪು ಅಂತ ಬರೀರಿ ಮೇಡಂ. ಸುಮ್ಮನೆ ಹಾಗೇ ಬರೀರಿ" ಅಂದೆ.

ಅವರು ಬರೆದು ಮುಗಿಸಿ ಕಾಗದವನ್ನು ನನ್ನ ಕೈಗೆ ಕೊಟ್ಟರು. ಇಂಗ್ಲಿಷಿನಲ್ಲಿತ್ತು. ಮೊದಲ ವರ್ಣನೆಯ ತಪ್ಪು ಪೂರ್ತಿ ತಮ್ಮದೇ ಎಂದು ಬರೆದು ಕೆಳಗೆ ತಮ್ಮ ಸಹಿ ಹಾಕಿದ್ದರು.

"ಇದು ಸುಳ್ಳು," ಅಂದೆ. "ತಿದ್ದಿದವನು ನಾನು."

"ನೀವು ಕಂಡಿದ್ದನ್ನ ತಿದ್ದಿದ್ರಿ ಮೇಷ್ಟ್ರೇ," ಅಂದರು ಮೇಡಂ, ಕಾಗದ ವಾಪಸು ತೆಗೆದುಕೊಂಡು ಮಡಚುತ್ತ. "ನಾನು ಅರಳಿದ ಹೂವನ್ನ ಕಾಣದೇನೇ, ಐದು ಎಸಳು ಸಮ ಅಂತ ಲ್ಯಾಟಿನ್ನಾಗೆ ಬರೆದೆ. ಯಾರದು ದೊಡ್ಡ ತಪ್ಪು, ನೀವೇ ಹೇಳ್ರಿ."

ಅವರು ಕವರಿನ ಅಂಚಿಗೆ ನೀರು ಹಚ್ಚಿ, ಅಂಟಿಸಿ, ಎದ್ದು ಹೋಗಿ ಕಿಟಕಿಯಲ್ಲಿ ಕೊಟ್ಟರು.